ದಿನನಿತ್ಯದ ಬದುಕಿನಲ್ಲಿ ದೇವರಿಗೆ ಸ್ತೋತ್ರ ಹೇಳುವುದು ಹೇಗೆ?

“ಬೆಳಿಗ್ಗೆ ಎದ್ದ ಕೂಡಲೇ ‘ಸ್ತೋತ್ರ ಸ್ವಾಮೀ’ ಅಂತ ಹೇಳ್ತೇನೆ. ಬಾಯಿ ಹೇಳ್ತದೆ, ಮನಸ್ಸು ಗ್ಯಾಸ್ ಬುಕ್ ಮಾಡ್ಲಿಕ್ಕುಂಟಲ್ಲ ಅಂತ ಯೋಚಿಸ್ತಾ ಇರ್ತದೆ. ಏನು ಮಾಡುವುದು?” ಮಂಗಳೂರಿರಲಿ ಉಡುಪಿಯಿರಲಿ, ಮನೆ ಪ್ರಾರ್ಥನೆಗೆ ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಇನ್ನು ಕೆಲವರ ಪ್ರಶ್ನೆ ಇದಕ್ಕಿಂತ ಭಾರ: “ಮಗನ ಕೆಲಸ ಹೋಗಿದೆ, ಮನೆಯವರಿಗೆ ಡಯಾಲಿಸಿಸ್ ನಡೀತಾ ಉಂಟು. ಯಾವುದಕ್ಕೆ ಅಂತ ಸ್ತೋತ್ರ ಹೇಳಲಿ?” ಕೇಳುವವರು ಬೇರೆ ಬೇರೆಯಾದರೂ ಇಬ್ಬರೂ ತಡವರಿಸುವ ಜಾಗ ಒಂದೇ. ಮೊದಲು ಕೃತಜ್ಞತೆಯ ಭಾವನೆ ಬರಬೇಕು, ಆಮೇಲೆ ಮಾತು ಎಂದುಕೊಂಡಿರುತ್ತಾರೆ. ನಾನು ಕಂಡ ಮಟ್ಟಿಗೆ ಆಗುವುದು ಇದಕ್ಕೆ ತಿರುಗಾಮುರುಗಾ. ದೇವರು ಕೊಟ್ಟ ಒಂದೊಂದು ಒಳಿತನ್ನೂ ಹೆಸರು ಹಿಡಿದು ಹೇಳುವ ಕೆಲಸ ಮೊದಲು ಶುರುವಾಗುತ್ತದೆ. ಭಾವನೆ ತನ್ನ ಪಾಡಿಗೆ ಹಿಂದಿನಿಂದ ಬರುತ್ತದೆ, ಕೆಲವು ದಿನ ಬರುವುದೂ ಇಲ್ಲ. ಅದು ಬಾರದ ದಿನವೂ ಆ ಕೆಲಸ ದೇವರ ಮುಂದೆ ಲೆಕ್ಕಕ್ಕೆ ಬರುತ್ತದೆ ಎಂದೇ ನಾನು ನಂಬುತ್ತೇನೆ.

ಇಲ್ಲಿ ಬರುವ ಕೆಲವು ಮಾತುಗಳನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಕೃತಜ್ಞತಾಸ್ತುತಿ ಎಂದರೆ ದೇವರು ಮಾಡಿದ ಉಪಕಾರವನ್ನು ನೆನೆದು ಆತನನ್ನು ಕೊಂಡಾಡುವುದು. ಸಿಎಸ್‌ಐ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಚಿಕ್ಕದಾಗಿ ಸ್ತೋತ್ರ ಅನ್ನುತ್ತೇವೆ. ಸ್ತೋತ್ರ ಕಾಣಿಕೆ ಎಂದರೆ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಕಾಯಿಲೆ ಗುಣವಾದದ್ದು ಇಂಥ ಕಾರಣಗಳಿಗಾಗಿ ಆರಾಧನೆಯಲ್ಲಿ ಅರ್ಪಿಸುವ ಹಣ ಅಥವಾ ವಸ್ತು. ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ಹೇಳುವ ಜಪಸರಕ್ಕೆ ತೇರ್ಸ್ ಎನ್ನುತ್ತಾರೆ. ನೊವೇನಾ ಎಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ.

ಬೇಕಾಗುವ ಸಾಮಾನು ಬಹಳವೇನಿಲ್ಲ. ಒಂದು ಸತ್ಯವೇದ (ಬೈಬಲ್), ಮಕ್ಕಳ ಶಾಲೆಯದ್ದಾಗಿ ಉಳಿದ ಒಂದು ನೋಟ್‌ಬುಕ್, ಒಂದು ಪೆನ್ನು, ರಾತ್ರಿ ಹತ್ತು ನಿಮಿಷ. ಚಂದದ ಡೈರಿ ತರಲು ಅಂಗಡಿಗೆ ಹೋಗಬೇಡಿ. ಚಂದದ ಪುಸ್ತಕದಲ್ಲಿ ಚಂದದ ಮಾತನ್ನೇ ಬರೆಯಬೇಕು ಅನಿಸಲು ಶುರುವಾಗುತ್ತದೆ. ಸತ್ಯವೇದದಲ್ಲಿ ಮೂರು ಕಡೆ ಗುರುತಿನ ಚೀಟಿ ಇಟ್ಟುಕೊಳ್ಳಿ: ಕೀರ್ತನೆ 103, ಕೀರ್ತನೆ 136, ಲೂಕ 17ನೇ ಅಧ್ಯಾಯ.

ಹಂತ 1: ದಿನದಲ್ಲಿ ಈಗಾಗಲೇ ಇರುವ ಹೊತ್ತಿಗೆ ಸೇರಿಸಿ

ಹೊಸದಾಗಿ ಸಮಯ ಹುಡುಕಲು ಹೊರಟವರು ಹೆಚ್ಚಾಗಿ ಎರಡನೇ ವಾರಕ್ಕೆ ಕೈಬಿಡುತ್ತಾರೆ. ಇರುವ ಹೊತ್ತನ್ನೇ ಹಿಡಿಯಿರಿ. ದಾನಿಯೇಲನ ಕಥೆ ನೆನಪಿದೆಯಲ್ಲ? ರಾಜನಿಗಲ್ಲದೆ ಬೇರೆ ಯಾರಿಗೂ ಬಿನ್ನಹ ಮಾಡಬಾರದೆಂಬ ಶಾಸನಕ್ಕೆ ರುಜು ಬಿದ್ದಿದೆ ಎಂದು ಗೊತ್ತಾದ ಮೇಲೂ ಅವನು ಮನೆಗೆ ಹೋಗಿ ಯೆರೂಸಲೇಮಿನ ಕಡೆ ತೆರೆದ ಕಿಟಕಿಯ ಬಳಿ ದಿನಕ್ಕೆ ಮೂರು ಸಲ ಮೊಣಕಾಲೂರಿ ದೇವರನ್ನು ಸ್ತುತಿಸಿದ. ಎಂದಿನಂತೆಯೇ ಮಾಡಿದ ಎಂದು ದಾನಿಯೇಲ 6:10 ಹೇಳುತ್ತದೆ. ರೂಢಿ ಮೊದಲೇ ಇತ್ತು, ಶಾಸನ ಮೀರಿದ್ದಕ್ಕೆ ಅವನನ್ನು ಹಾಕಿದ ಸಿಂಹದ ಗವಿ ಆಮೇಲೆ ಬಂತು.

ನಮಗೆ ಅತಿ ಸುಲಭದ ಹೊತ್ತು ಊಟ. ಐದು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಯೇಸು ಸ್ವಾಮಿ ಸ್ತೋತ್ರ ಹೇಳಿದ್ದು ಅವು ಹೆಚ್ಚುವುದಕ್ಕೆ ಮುಂಚೆ, ಎದುರಿಗೆ ಸಾವಿರಾರು ಜನ ಹಸಿದು ಕೂತಿರುವಾಗ. ಧರ್ಮೋಪದೇಶಕಾಂಡ 8:10ರಲ್ಲಿ ಉಂಡು ತೃಪ್ತರಾದ ಮೇಲೂ ಕೊಂಡಾಡಬೇಕೆಂಬ ಮಾತಿದೆ. ಆದ್ದರಿಂದ ಊಟಕ್ಕೆ ಮುಂಚೆ ನಿಮಗೆ ಬಾಯಿಪಾಠವಾದ ಪ್ರಾರ್ಥನೆಯನ್ನೇ ಹೇಳಿ, ಬದಲಿಸಬೇಡಿ. ಊಟವಾದ ಮೇಲೆ, ಕೈ ತೊಳೆಯಲು ಏಳುವ ಮೊದಲು, ಆ ದಿನದ ತಟ್ಟೆಯಲ್ಲಿದ್ದ ಒಂದು ವಸ್ತುವಿನ ಹೆಸರು ಹೇಳಿ ಒಂದು ವಾಕ್ಯ ಸೇರಿಸಿ. ಕುಚ್ಚಲಕ್ಕಿ ಗಂಜಿಯಾದರೆ ಗಂಜಿ, ಬಂಗುಡೆ ಸಾರಾದರೆ ಬಂಗುಡೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಗಾಲದಲ್ಲಿ ಒಣಮೀನಿನ ಚಟ್ನಿಗೆ ಸ್ತೋತ್ರ ಹೇಳಿ ರೂಢಿಯಾದವರಿಗೆ, ಆಗಸ್ಟಿನಲ್ಲಿ ಮಲ್ಪೆಯ ತಾಜಾ ಮೀನು ಬಂದಾಗ ಮಾತಿಗೆ ತಡಕಾಡಬೇಕಾಗುವುದಿಲ್ಲ. ಅದನ್ನು ಹಿಡಿದು ತಂದವರ ಹೆಸರೂ ತಾನಾಗಿಯೇ ಪ್ರಾರ್ಥನೆಯೊಳಗೆ ಬರುತ್ತದೆ.

ಊಟ ಬಿಟ್ಟರೆ ಇನ್ನೊಂದು ಹೊತ್ತು ಸಾಕು. ಇಗರ್ಜಿಯ ಗಂಟೆ ಕೇಳುವ ದೂರದಲ್ಲಿರುವವರಿಗೆ ಅದೇ ಆಗಬಹುದು. ಬಸ್ಸಿನಲ್ಲಿ ಓಡಾಡುವವರು ಸೀಟು ಸಿಕ್ಕಿದ ಕೂಡಲೇ, ಅಥವಾ ಸಿಗದೆ ಕಂಬಿ ಹಿಡಿದು ನಿಂತ ಕೂಡಲೇ, ಎಂದು ಗೊತ್ತು ಮಾಡಿಕೊಳ್ಳಿ. ತೇರ್ಸ್ ಹೇಳುವ ಮನೆಯಾದರೆ ಅದು ಮುಗಿದು ಮಕ್ಕಳು ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಹೊತ್ತು ಬಹಳ ಒಳ್ಳೆಯದು. ಮಗು ಕೈ ಮುಗಿದು ನಿಂತಿರುವಾಗ ಆ ಮಗುವಿಗಾಗಿಯೇ ಒಂದು ಸ್ತೋತ್ರ, ಅದಕ್ಕೆ ಕೇಳುವಂತೆ.

ಹಂತ 2: ಹೆಸರು ಹಿಡಿದು ಹೇಳಿ

ಉಳಿದದ್ದೆಲ್ಲ ಮರೆತರೂ ಈ ಹಂತವನ್ನು ಮರೆಯಬೇಡಿ.

“ಈ ದಿನಕ್ಕಾಗಿ, ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ, ಎಲ್ಲ ಆಶೀರ್ವಾದಗಳಿಗಾಗಿ ಸ್ತೋತ್ರ.” ಈ ಪ್ರಾರ್ಥನೆಯಲ್ಲಿ ತಪ್ಪೇನಿಲ್ಲ. ಆದರೆ ಇದು ನಿನ್ನೆಗೂ ಹೊಂದುತ್ತದೆ, ಹೋದ ವರ್ಷಕ್ಕೂ ಹೊಂದುತ್ತದೆ, ಪಕ್ಕದ ಮನೆಯವರಿಗೂ ಹೊಂದುತ್ತದೆ. ಇದನ್ನು ಹೇಳಲು ನೀವು ಏನನ್ನೂ ನೋಡಬೇಕಿಲ್ಲ, ಏನನ್ನೂ ನೆನೆಯಬೇಕಿಲ್ಲ. ಮನಸ್ಸು ಗ್ಯಾಸ್ ಬುಕಿಂಗ್ ಕಡೆ ಹೋಗುವುದು ಅದಕ್ಕೇ. ಈಗ ಇದನ್ನು ಓದಿ:

“ಮಧ್ಯಾಹ್ನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಪಿನಲ್ಲಿ ಜೋರು ಮಳೆ. ಗುರುತಿಲ್ಲದ ಒಬ್ಬಳು ಹುಡುಗಿ ತನ್ನ ಕೊಡೆಯೊಳಗೆ ಕರೆದಳು. ಅವಳ ಬಲಭುಜ ಪೂರ್ತಿ ಒದ್ದೆ. ಅಮ್ಮನ ಎಕ್ಸ್‌ರೇ ಕವರಿಗೆ ಒಂದು ಹನಿ ಬೀಳಲಿಲ್ಲ. ಸ್ವಾಮೀ, ಅವಳನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ಸ್ತೋತ್ರ.”

ಇದು ಒಂದು ದಿನಕ್ಕೆ, ಒಬ್ಬರಿಗೆ ಮಾತ್ರ ಸೇರಿದ ಪ್ರಾರ್ಥನೆ. ಬರೆಯುವಾಗ ಮನಸ್ಸು ಬೇರೆ ಕಡೆ ಹೋಗಲು ಜಾಗವೇ ಇಲ್ಲ. ನೋಟ್‌ಬುಕ್ಕಿನಲ್ಲಿ ದಿನಕ್ಕೆ ಇಂಥ ಮೂರು ಸಾಲು ಸಾಕು. ಪ್ರತಿ ಸಾಲಿನಲ್ಲಿ ಯಾರು, ಎಲ್ಲಿ, ಏನಾಯಿತು ಎಂಬುದಿರಲಿ. ಒಮ್ಮೆ ಬರೆದದ್ದನ್ನು ಆ ವಾರದಲ್ಲಿ ಪುನಃ ಬರೆಯದಿರಿ. ನಾಲ್ಕನೇ ದಿನಕ್ಕೆ ಸುಲಭದ ವಿಷಯಗಳೆಲ್ಲ ಮುಗಿದು ಕಣ್ಣು ತೆರೆದು ನೋಡಲೇಬೇಕಾಗುತ್ತದೆ.

ಕೀರ್ತನೆ 136 ಹೀಗೆ ಹೇಳುವುದಕ್ಕೆ ಒಳ್ಳೆಯ ಮಾದರಿ. ಅದರಲ್ಲಿ 26 ವಚನಗಳಿವೆ. ದೇವರ ಕೃಪೆ ಶಾಶ್ವತವಾದದ್ದು ಎಂಬ ಪಲ್ಲವಿ ಎಲ್ಲ ವಚನಗಳಲ್ಲೂ ಬರುತ್ತದೆ, ಪಲ್ಲವಿಗೆ ಮುಂಚಿನ ಮಾತು ಬೇರೆಬೇರೆ. ಸೂರ್ಯ, ಚಂದ್ರ, ನಕ್ಷತ್ರ, ಕೆಂಪು ಸಮುದ್ರ, ಮರುಭೂಮಿ. ಅಮೋರಿಯರ ಅರಸ ಸೀಹೋನ, ಬಾಷಾನಿನ ಅರಸ ಓಗ ಎಂದು ಶತ್ರು ರಾಜರ ಹೆಸರನ್ನೂ ಬಿಡುವುದಿಲ್ಲ. ಮುಗಿಯುವ ಮುಂಚೆ ಬಂದು ತಲಪುವುದು ಎಲ್ಲ ಜೀವಿಗಳಿಗೂ ಆಹಾರ ಕೊಡುವವನು ಎಂಬ ಮಾತಿನ ಬಳಿ. ನಿಮ್ಮ ಮನೆಯ ಚರಿತ್ರೆಯನ್ನು ಇದೇ ಧಾಟಿಯಲ್ಲಿ ಬರೆಯಲು ಕೂತು ನೋಡಿ. ಸಾಲ ತೀರಿದ ವರ್ಷ, ಮಗಳ ಹೆರಿಗೆ, ನೆರೆಯ ನೀರು ಅಂಗಳದವರೆಗೆ ಬಂದು ಹಿಂದೆ ಸರಿದ ರಾತ್ರಿ. ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಕೂತು ಮಾಡಬಹುದಾದ ಕೆಲಸ ಇದು. ಅಜ್ಜ ಅಜ್ಜಿ ಇದ್ದರೆ ಪೆನ್ನು ಓಡುವುದು ಸಾಲುವುದಿಲ್ಲ.

ಏನೂ ಹೊಳೆಯದ ದಿನಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಯಾವುದಾದರೂ ಒಂದು ವಸ್ತುವನ್ನು ಅದು ಬಂದ ದಾರಿಯಲ್ಲಿ ಹಿಂದಕ್ಕೆ ಹಿಡಿದು ಹೋಗಿ. ನಳ್ಳಿ ನೀರನ್ನೇ ತೆಗೆದುಕೊಳ್ಳಿ. ಮಂಗಳೂರು ನಗರದಲ್ಲಿದ್ದರೆ ಅದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನದು. ಉಡುಪಿಯಲ್ಲಾದರೆ ಸ್ವರ್ಣಾ ನದಿಯ ಬಜೆಯಿಂದ ಬಂದದ್ದು. ಹಿಂದಕ್ಕೆ ಹೋದರೆ ಘಟ್ಟದ ಕಾಡು, ಅದಕ್ಕೂ ಹಿಂದೆ ಕಡಲಿನಿಂದೆದ್ದ ಮುಂಗಾರು ಮೋಡ. ಈಚೆಗೆ ಬಂದರೆ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡಿದವರು, ಮಳೆಯಲ್ಲಿ ರಸ್ತೆ ಅಗೆದು ಪೈಪ್ ಸರಿ ಮಾಡಿದವರು. ಏಪ್ರಿಲ್, ಮೇ ತಿಂಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಟ್ಟಾಗ ಗೊಣಗುವುದು ನಮಗೆಲ್ಲ ಬರುತ್ತದೆ. ಜುಲೈಯಲ್ಲಿ ಕೊಡ ತುಂಬಿ ಹರಿಯುವಾಗಲೂ ಈ ದಾರಿಯನ್ನು ಒಮ್ಮೆ ನೆನೆದರೆ ಒಂದು ಕೊಡ ನೀರಿಗೇ ಅರ್ಧ ಪುಟ ತುಂಬುತ್ತದೆ.

ಇಲ್ಲಿ ಒಂದು ದೊಡ್ಡ ಹೊಂಡ ಉಂಟು, ಜಾಗ್ರತೆ. “ಆಚೆ ಮನೆಯ ಹುಡುಗ ಕುಡಿಯುತ್ತಾನೆ, ನಮ್ಮವನು ಹಾಗಲ್ಲ, ಸ್ತೋತ್ರ.” “ಆಸ್ಪತ್ರೆಗೆ ಹೋಗಿ ನೋಡಿದರೆ ನಾವೆಷ್ಟು ಪುಣ್ಯವಂತರು ಅನಿಸ್ತದೆ.” ಲೂಕ 18ರಲ್ಲಿ ದೇವಾಲಯಕ್ಕೆ ಹೋದ ಫರಿಸಾಯನೂ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನೂ, ಸ್ತೋತ್ರವನ್ನೇ ಹೇಳಿದ್ದ. ತಾನು ಇತರರಂತೆ ಇಲ್ಲ, ಅಗೋ ಆ ಸುಂಕದವನಂತೆಯೂ ಇಲ್ಲ ಎಂದು ಸ್ತೋತ್ರ. ನೀತಿವಂತನೆನಿಸಿಕೊಂಡು ಮನೆಗೆ ಹೋದದ್ದು ಆ ಸುಂಕದವನು. ಇನ್ನೊಬ್ಬರ ಸಂಕಟವನ್ನು ಮೆಟ್ಟಿಲು ಮಾಡಿಕೊಂಡ ಕೃತಜ್ಞತೆ ದೇವರಿಗೆ ಬೇಡ. ಬರೆದ ಸಾಲಿನಲ್ಲಿ ಬೇರೆಯವರ ಕೊರತೆ ಕಾಣಿಸಿದರೆ ಹೊಡೆದುಹಾಕಿ, ಅವರಿಗಾಗಿ ಬೇಡಿಕೆ ಬರೆಯಿರಿ.

ಹಂತ 3: ರಾತ್ರಿ ಹತ್ತು ನಿಮಿಷ ದಿನವನ್ನು ಹಿಂದಿರುಗಿ ನೋಡಿ

ಕ್ರೈಸ್ತರಲ್ಲಿ ಇದಕ್ಕೊಂದು ಹಳೆಯ ಕ್ರಮವಿದೆ. ಹದಿನಾರನೇ ಶತಮಾನದಲ್ಲಿ ಯೇಸು ಸಭೆ (ಜೆಸ್ವಿಟ್) ಎಂಬ ಗುರುಗಳ ಸಂಘವನ್ನು ಕಟ್ಟಿದ ಲೊಯೊಲಾದ ಸಂತ ಇಗ್ನೇಷಿಯಸ್ ಅದನ್ನು ಐದು ಮೆಟ್ಟಿಲಾಗಿ ಬರೆದಿಟ್ಟರು. ಆ ಸಭೆಯ ಗುರುಗಳು 1878ರಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದವರು. ಹಾಗಾಗಿ ಧ್ಯಾನಕೂಟಗಳಿಗೆ ಹೋಗುವ ನಮ್ಮೂರಿನ ಹಲವರಿಗೆ ಎಕ್ಸಾಮೆನ್ ಎಂಬ ಹೆಸರು ಕೇಳಿ ಗೊತ್ತಿರಬಹುದು. ಆತ್ಮಪರಿಶೀಲನೆ ಎಂದು ತಿಳಿಯಿರಿ. ಕ್ರಮ ಹೀಗೆ: ಮೊದಲು ದಿನದ ಉಪಕಾರಗಳಿಗೆ ಸ್ತೋತ್ರ, ಆಮೇಲೆ ತನ್ನ ತಪ್ಪನ್ನು ಕಾಣುವ ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ದಿನದ ಪರಿಶೀಲನೆ, ಕ್ಷಮೆ ಕೇಳುವುದು, ನಾಳೆಗೊಂದು ನಿರ್ಧಾರ.

ಸ್ತೋತ್ರ ಮೊದಲ ಮೆಟ್ಟಿಲು ಎಂಬುದನ್ನು ಗಮನಿಸಿ. ತಪ್ಪು ಲೆಕ್ಕ ಹಾಕುವುದಕ್ಕಿಂತ ಮುಂಚೆ ದೇವರ ಒಳ್ಳೆಯತನವನ್ನು ನೋಡಬೇಕು. ಪ್ರೊಟೆಸ್ಟೆಂಟ್ ಓದುಗರು ಇದು ನಮ್ಮದಲ್ಲ ಎಂದು ದೂರ ಇಡಬೇಕಾಗಿಲ್ಲ. ಕೀರ್ತನೆ 103ರಲ್ಲೂ ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು ತನ್ನ ಮನಸ್ಸಿಗೆ ಹೇಳಿಕೊಂಡ ಮೇಲೆಯೇ ಕ್ಷಮೆಯ ಮಾತು ಬರುವುದು. ಆರಂಭದಲ್ಲಿ ಐದೂ ಮೆಟ್ಟಿಲು ಹತ್ತಲು ಹೋಗಬೇಡಿ. ಮೊದಲನೆಯದನ್ನು ಮಾಡಿ, ನೋಟ್‌ಬುಕ್ಕಿನ ಮೂರು ಸಾಲು ಬರೆದು ಮಲಗಿ. ಹಾಸಿಗೆಯಲ್ಲಿ ಫೋನು ಹಿಡಿದರೆ ಈ ಹತ್ತು ನಿಮಿಷ ಯಾವತ್ತೂ ಸಿಗುವುದಿಲ್ಲ. ನೋಟ್‌ಬುಕ್ಕನ್ನು ಫೋನ್ ಚಾರ್ಜಿಗೆ ಇಡುವ ಜಾಗದಲ್ಲೇ ಇಡಿ.

ಹಂತ 4: ಸ್ತೋತ್ರ ಬಾಯಿಗೆ ಬಾರದ ದಿನಗಳಲ್ಲಿ

ಡಯಾಲಿಸಿಸ್ ನಡೆಯುತ್ತಿರುವ ಮನೆಯವರಿಗೆ ಈಗ ಹೇಳುತ್ತೇನೆ. ಕಾಯಿಲೆಗೆ, ಸಾವಿಗೆ, ಮೋಸಕ್ಕೆ ಸ್ತೋತ್ರ ಹೇಳಿ ಎಂದು ಸತ್ಯವೇದ ನಿಮ್ಮನ್ನು ಕೇಳುವುದಿಲ್ಲ. ಪೌಲನು ಥೆಸಲೋನಿಕದವರಿಗೆ ಬರೆದದ್ದು ಎಲ್ಲ ಸ್ಥಿತಿಯಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು. ಸಂಕಟದ ನಡುವೆ ನಿಂತುಕೊಂಡೇ ದೇವರ ಕಡೆ ತಿರುಗುವುದು ಅದರ ಅರ್ಥ. ಸ್ನೇಹಿತ ಲಾಜರನ ಸಮಾಧಿಯ ಬಳಿ ಯೇಸು ಕಣ್ಣೀರು ಬಿಟ್ಟನು. ಅದೇ ಸಮಾಧಿಯ ಮುಂದೆ ತಂದೆಗೆ ಸ್ತೋತ್ರವನ್ನೂ ಹೇಳಿದನು. ಎರಡೂ ಯೋಹಾನ 11ರಲ್ಲಿ ಕೆಲವೇ ವಚನಗಳ ಅಂತರದಲ್ಲಿವೆ. ಅತ್ತವರು ಸ್ತೋತ್ರ ಹೇಳಲಾರರು ಎಂದೋ, ಸ್ತೋತ್ರ ಹೇಳುವವರು ಅಳಬಾರದು ಎಂದೋ ಯಾರಾದರೂ ಹೇಳಿದರೆ ಈ ಅಧ್ಯಾಯ ತೋರಿಸಿ.

ಇಂಥ ದಿನಕ್ಕೆ ನೋಟ್‌ಬುಕ್ಕಿನ ಮೂರು ಸಾಲುಗಳ ಸ್ವರೂಪ ಬದಲಿಸಿ. ಮೊದಲ ಸಾಲಿನಲ್ಲಿ ದೂರು: ಏನು ನೋಯುತ್ತಿದೆಯೋ ಅದು, ಇದ್ದಂತೆ. ಎರಡನೆಯದರಲ್ಲಿ ಬೇಡಿಕೆ. ಮೂರನೆಯದರಲ್ಲಿ, ಕಂಡರೆ ಮಾತ್ರ, ಆ ದಿನದ ಒಂದು ಸಣ್ಣ ಕರುಣೆ. ಸೂಜಿ ಚುಚ್ಚುವ ಮುಂಚೆ ನರ್ಸ್ ಕೈ ಹಿಡಿದು ಮಾತಾಡಿಸಿದ್ದು, ನೆರೆಮನೆಯವರು ಕೇಳದೆಯೇ ಗಂಜಿ ತಂದಿಟ್ಟದ್ದು. ಕೀರ್ತನೆ 13 ಇದೇ ದಾರಿಯಲ್ಲಿ ಸಾಗುತ್ತದೆ. ಎಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು ಶುರುವಾಗಿ ಆರೇ ವಚನಗಳಲ್ಲಿ ಹಾಡಿಗೆ ಬಂದು ಮುಟ್ಟುತ್ತದೆ. ಕೀರ್ತನೆ 88 ಮಾತ್ರ ಹಾಡಿಗೆ ಬರುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲಿದೆ. ಆದ್ದರಿಂದ ಮೂರನೇ ಸಾಲು ಖಾಲಿ ಉಳಿದ ರಾತ್ರಿಗೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಎರಡು ಎಚ್ಚರಿಕೆಗಳು. ಶೋಕದ ಮನೆಗೆ ಹೋಗಿ “ದೇವರ ಚಿತ್ತ, ಸ್ತೋತ್ರ ಹೇಳಿ” ಎಂದು ಉಪದೇಶ ಕೊಡಬೇಡಿ. ಯೋಬನ ಸ್ನೇಹಿತರು ಏಳು ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಾಗ ಒಳ್ಳೆಯ ಸ್ನೇಹಿತರಾಗಿದ್ದರು, ಬಾಯಿ ತೆರೆದ ಮೇಲೆ ಕೆಟ್ಟರು. ಇನ್ನೊಂದು: ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅದು ನಂಬಿಕೆಯ ಕೊರತೆ ಎಂದುಕೊಂಡು ಒಬ್ಬರೇ ಹೆಣಗಬೇಡಿ. ಖಿನ್ನತೆಗೆ ಚಿಕಿತ್ಸೆ ಇದೆ. ವೈದ್ಯರ ಬಳಿ ಹೋಗಿ. ಸಭಾಪಾಲಕರಿಗೂ ಧರ್ಮಗುರುಗಳಿಗೂ ತಿಳಿಸಿ.

ಹಂತ 5: ಮಾತನ್ನು ಕೈಗೆ ಇಳಿಸಿ

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಗುಣವಾಯಿತು. ಹಿಂದಿರುಗಿ ಬಂದವನು ಒಬ್ಬ, ಅವನೂ ಯೆಹೂದ್ಯರು ಹೊರಗಿನವನೆಂದು ದೂರ ಇಟ್ಟ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಮನಸ್ಸಿನಲ್ಲಿ ಸಂತೋಷಪಟ್ಟಿರಲೇಬೇಕು. ಆದರೆ ಈ ಒಬ್ಬ ದಾರಿ ತಿರುಗಿಸಿ ನಡೆದು ಬಂದ.

ನೋಟ್‌ಬುಕ್ಕಿನಲ್ಲಿ ಬಂದ ಹೆಸರುಗಳಲ್ಲಿ ವಾರಕ್ಕೆ ಒಬ್ಬರನ್ನು ಆರಿಸಿ. ಫೋನ್ ಮಾಡಿ, ಸಾಧ್ಯವಾದರೆ ಹೋಗಿ ಕಾಣಿ. ಏನಕ್ಕಾಗಿ ಎಂಬುದನ್ನು ಸ್ಪಷ್ಟವಾಗಿ ಹೇಳಿ: “ಟೀಚರ್, ಏಳನೇ ಕ್ಲಾಸಿನಲ್ಲಿ ನೀವು ಫೀಸು ಕಟ್ಟಿದ್ದು ನನಗೆ ನೆನಪುಂಟು.” ಬೆಳಿಗ್ಗೆ ಕಸ ಒಯ್ಯಲು ಬರುವವರಿಗೆ ಮಳೆಗಾಲದಲ್ಲಿ ಒಂದು ಲೋಟ ಬಿಸಿ ಚಹಾ ಕೊಡುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ.

ಸ್ತೋತ್ರ ಕಾಣಿಕೆಯ ಕವರಿನ ಮೇಲೆ ಮೊತ್ತದ ಜೊತೆಗೆ ಕಾರಣವನ್ನೂ ಬರೆಯಿರಿ. “ಕುಟುಂಬದ ಪರವಾಗಿ” ಎಂದಷ್ಟೇ ಬರೆದು ಬಿಡಬೇಡಿ. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಬುಟ್ಟಿ ತಂದವನು ಅದನ್ನು ಇಟ್ಟು ಹೋಗುವಂತಿರಲಿಲ್ಲ. ತನ್ನ ಪಿತೃವು ಅಲೆಮಾರಿಯಾಗಿದ್ದದ್ದು, ಐಗುಪ್ತದ ದಾಸತ್ವ, ಬಿಡುಗಡೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ಆಮೇಲಿನ ಹಬ್ಬದಲ್ಲಿ ಸ್ವಂತ ಹೊಲವಿಲ್ಲದ ಲೇವಿಕುಲದವನೂ ಪರದೇಶಿಯೂ ಜೊತೆಗಿರಬೇಕಿತ್ತು. ಕಾಣಿಕೆಯ ಜೊತೆಗೆ ನಿಮ್ಮ ಊಟದ ಮೇಜಿಗೆ ಯಾರನ್ನು ಕರೆಯುತ್ತೀರಿ ಎಂಬುದನ್ನೂ ಯೋಚಿಸಿ.

ಹರಕೆಯ ಬಗ್ಗೆ ಹಲವರು ಕೇಳುತ್ತಾರೆ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಬಸಿಲಿಕಾಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಹೊತ್ತ ಹರಕೆಯನ್ನು ತೀರಿಸಿ, ಮಾತು ಕೊಟ್ಟಮೇಲೆ ಉಳಿಸಿಕೊಳ್ಳಬೇಕು. ಆದರೆ ಮೇಣದಬತ್ತಿ ಹಚ್ಚಿ ಬಂದ ಕೂಡಲೇ ದೇವರ ಲೆಕ್ಕ ಚುಕ್ತಾ ಆಯಿತು ಎಂಬ ಭಾವ ಬಾರದಂತೆ ನೋಡಿಕೊಳ್ಳಿ. ‘ಇದಾದರೆ ಅದು ಕೊಡುತ್ತೇನೆ’ ಎನ್ನುವುದು ವ್ಯಾಪಾರದ ಮಾತು. ಸ್ತೋತ್ರ ಆದಾಗಲೂ ಆಗದಾಗಲೂ ಮುಂದುವರಿಯಬೇಕು.

ಸಾಕ್ಷಿ ಹೇಳುವವರಿಗೂ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವವರಿಗೂ, ಒಂದು ಕಿವಿಮಾತು. ಹೊಸ ಕಾರು, ವೀಸಾ, ಮಕ್ಕಳ ರ‍್ಯಾಂಕು ಇವನ್ನೆಲ್ಲ ಸಭೆಯ ಮುಂದೆಯೂ ವಾಟ್ಸಾಪ್ ಗುಂಪಿನಲ್ಲೂ ಹೇಳುವ ಮುಂಚೆ, ಅದನ್ನೇ ಬೇಡಿ ಇನ್ನೂ ಸಿಗದವರು ಅಲ್ಲಿ ಕೂತಿದ್ದಾರೆ ಎಂಬುದು ನೆನಪಿರಲಿ. ಕೆಲವು ಸ್ತೋತ್ರಗಳು ನೋಟ್‌ಬುಕ್ಕಿನಲ್ಲೇ ಉಳಿದರೆ ಒಳ್ಳೆಯದು.

ಹಂತ 6: ವರ್ಷದ ಹಬ್ಬಕ್ಕೆ ಜೋಡಿಸಿ

ನಮ್ಮ ಕರಾವಳಿಯ ಸಭೆಗಳಿಗೆ ಈ ವಿಷಯದಲ್ಲಿ ಒಳ್ಳೆಯ ಆಸ್ತಿ ಇದೆ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬ. ಆಗಸ್ಟ್ 30ರಿಂದ ನೊವೇನಾ, ಮಕ್ಕಳು ದಿನವೂ ಹೂವು ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಉಗುರಿನಿಂದ ಸಿಪ್ಪೆ ಬಿಡಿಸಿ, ಆ ನಾಲ್ಕು ಹಸಿ ಅಕ್ಕಿಕಾಳನ್ನು ಪುಡಿ ಮಾಡಿ ಪಾಯಸಕ್ಕೋ ಹಾಲಿಗೋ ಸೇರಿಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ದುಬೈಯಲ್ಲೋ ಮುಂಬಯಿಯಲ್ಲೋ ಇರುವವರಿಗೂ ತೆನೆ ಕಳಿಸುವ ಮನೆಗಳುಂಟು. ಸಿಎಸ್‌ಐ ಸಭೆಗಳ ಸುಗ್ಗಿ ಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ, ತರಕಾರಿ ಕಾಣಿಕೆಯಾಗಿ ಬರುತ್ತವೆ, ಆರಾಧನೆಯಾದ ಮೇಲೆ ಏಲಂ ನಡೆಯುತ್ತದೆ.

ಹಬ್ಬದ ಹಿಂದಿನ ದಿನ ಮನೆಯವರೆಲ್ಲ ಸೇರಿ ಆ ವರ್ಷದ ನೋಟ್‌ಬುಕ್ಕನ್ನು ಮೊದಲಿನಿಂದ ಓದಿ. ಮರೆತೇಹೋದ ಸಂಗತಿಗಳು ಎಷ್ಟೋ ಸಿಗುತ್ತವೆ. ಅದರಿಂದ ಒಂದನ್ನು ಆರಿಸಿ ಅದಕ್ಕಾಗಿ ಕಾಣಿಕೆ ಕೊಂಡುಹೋಗಿ. ಬೆಳೆ ಬೆಳೆಯದ ಫ್ಲ್ಯಾಟಿನವರು ನಿಮ್ಮ ದುಡಿಮೆಯದ್ದೇ ಏನಾದರೂ ತನ್ನಿ. ಹೊಲಿಗೆಯವರು ಹೊಲಿದದ್ದು, ಬೇಕರಿಯವರು ಸುಟ್ಟದ್ದು.

ಮತ್ತೆ ಮತ್ತೆ ಕೇಳುವ ಮೂರು ಪ್ರಶ್ನೆಗಳು

ನಡುವೆ ತಿಂಗಳು ಬಿಟ್ಟುಹೋದರೆ? ಬಿಟ್ಟ ದಿನಗಳನ್ನು ತುಂಬಿಸಲು ಹೋಗದೆ, ಇಂದಿನ ತಾರೀಕು ಹಾಕಿ ಮುಂದುವರಿಸಿ.

ಯಾವ ಭಾಷೆಯಲ್ಲಿ? ತುಳು, ಕೊಂಕಣಿ, ಕನ್ನಡ, ಮನೆಯಲ್ಲಿ ಮಕ್ಕಳನ್ನು ಮುದ್ದು ಮಾಡುವ ಭಾಷೆಯಲ್ಲಿ. ಗ್ರಾಂಥಿಕ ಕನ್ನಡ ಆರಾಧನೆಯ ಪುಸ್ತಕಕ್ಕೆ ಚಂದ, ಕೊಡೆ ಹಿಡಿದ ಹುಡುಗಿಯ ಬಗ್ಗೆ ಹೇಳಲು ಅದು ಬೇಕಾಗಿಲ್ಲ.

ಮನೆಯಲ್ಲಿ ನಾನೊಬ್ಬಳೇ ಕ್ರೈಸ್ತಳು, ಎಲ್ಲರೆದುರು ಪ್ರಾರ್ಥಿಸಲು ಸಂಕೋಚ, ಏನು ಮಾಡಲಿ? ಊಟದ ಮುಂದೆ ಕಣ್ಣು ಮುಚ್ಚಲು ಮುಜುಗರವಾದರೆ ಕಣ್ಣು ತೆರೆದೇ ಮನಸ್ಸಿನಲ್ಲಿ ಹೇಳಿ, ದೇವರಿಗೆ ಕೇಳುತ್ತದೆ. ಆಮೇಲೆ ಅಡುಗೆ ಮಾಡಿದ ಅತ್ತೆಗೆ ಬಾಯಿಬಿಟ್ಟು ಹೇಳಿ: “ಅತ್ತೆ, ಇವತ್ತಿನ ಹುರುಳಿ ಸಾರು ಭಾರೀ ಲಾಯ್ಕಾಗಿತ್ತು.” ಇದನ್ನು ತಪ್ಪದೆ ಮಾಡುತ್ತ ಬಂದರೆ ಒಂದು ದಿನ ಅವರೇ ಕೇಳಬಹುದು, ಇದೆಲ್ಲ ಎಲ್ಲಿಂದ ಕಲಿತೆ ಎಂದು. ಕೇಳಿದಾಗ ನೇರವಾಗಿ ಹೇಳಿ. ಕೇಳದಿದ್ದರೆ ಒತ್ತಾಯ ಬೇಡ, ಸಾರಿನ ಮಾತು ನಾಳೆಗೂ ಇರಲಿ.